ನೀನು ಬರೆದದ್ದೆಲ್ಲ ಓದಿದೆ

ಹುಣಸೂರು
12 ಜೂನ್ 2024

ಬೇಟಾ ರುಬೀನಾ,

ಸಲಾಂ. ನೀನು ಬಸ್ಸು ಹತ್ತಿ ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಮೈಸೂರಿನ ಆಸ್ಪತ್ರೆಯ ಮೇಡಂ ಹೇಳಿದಂತೆ ಪತ್ರ ಬರೆಯಲು ಕೂತಿದ್ದೇನೆ. "ಖದೀರ್ ಅವರೇ, ನಿಮ್ಮ ಕೈ ಅಕ್ಷರ ಮರೆತಿಲ್ಲ, ಕಣ್ಣಿಗೆ ಮಾತ್ರ ಮರೆತುಹೋಗಿದೆ. ಮಗಳಿಗೆ ಪತ್ರ ಬರೆಯಿರಿ, ಅವಳ ಪತ್ರದ ಮೇಲೆ ಬೆರಳಾಡಿಸಿ ಓದಲು ನೋಡಿ, ಓದು ವಾಪಸ್ ಬಂದರೂ ಬರಬಹುದು" ಎಂದರಲ್ಲ. ಬರಬಹುದಂತೆ! ಮೇಯಲು ಹೋದ ಹಸು ಸಂಜೆಗೆ ಮನೆಗೆ ಬರುವ ಹಾಗೆ ಹೇಳಿಬಿಟ್ಟರು.

ಬರೆಯುವುದೇನೋ ಬರೆಯುತ್ತೇನೆ. ಜೀವನವೆಲ್ಲ ಬೋರ್ಡು ಬರೆದ ಕೈ, ತನ್ನ ಪಾಡಿಗೆ ತಾನು ಹೋಗುತ್ತದೆ. ಬರೆದ ಸಾಲನ್ನು ತಿರುಗಿ ನೋಡಿದರೆ ಯಾವ ದೇಶದ ಲಿಪಿಯೋ ಏನೋ. ಈ ಕಾಗದದಲ್ಲಿ ಮೇಲೆ ಏನಿದೆ ಎಂದು ಯಾರಾದರೂ ಬೆರಳಿಟ್ಟು ಕೇಳಿದರೆ ಬೆಪ್ಪನ ಹಾಗೆ ಕೂರಬೇಕು. ಬೆರಳಿನಲ್ಲಿ ತಿದ್ದಿ ನೋಡಿದರೆ ಒಂದೊಂದು ಅಕ್ಷರ ಸಿಗುತ್ತದೆ, ಮುಂದಿನದು ಸಿಗುವಷ್ಟರಲ್ಲಿ ಹಿಂದಿನದು ಕೈ ಬಿಟ್ಟುಹೋಗುತ್ತದೆ.

ನಿನ್ನೆ ನಿಮ್ಮ ಅಮ್ಮಿಯ ಜೊತೆ ಬಜಾರಿಗೆ ಹೋಗಿದ್ದೆ. ಆ ಗೊಬ್ಬರದ ಅಂಗಡಿಯ ಬೋರ್ಡು ನಾನೇ ಬರೆದದ್ದು, ಕೆಂಪು ಅಕ್ಷರಕ್ಕೆ ಹಳದಿ ನೆರಳು. ಕೆಂಪು ಕಂಡಿತು, ಹಳದಿ ಕಂಡಿತು, ಬಿಸಿಲಿಗೆ ಬಣ್ಣ ಎಲ್ಲಿ ಎದ್ದಿದೆ ಎಂಬುದೂ ಕಂಡಿತು. ಅಂಗಡಿಯ ಹೆಸರು ಮಾತ್ರ ಕಾಣಲಿಲ್ಲ. ನಡುಬಜಾರಿನಲ್ಲಿ ನಿಂತು ಅತ್ತುಬಿಟ್ಟೆ ಬೇಟಾ.

ಎದುರಿನ ಫ್ಲೆಕ್ಸ್ ಅಂಗಡಿಯಿಂದ ಶಶಿ ಓಡಿಬಂದ. ನನ್ನ ಜೊತೆ ಬಣ್ಣ ಕಲಸಿಕೊಂಡೇ ದೊಡ್ಡವನಾದವನು ಅವನು. "ಲೇ ಖದೀರಾ, ಕೆ.ಆರ್. ನಗರದ ರೈಸ್ ಮಿಲ್ ಗ್ವಾಡೆ ಬರ‍್ಯಾಕೋಗಿ ಅಷ್ಟೆತ್ತರದಿಂದ ಬಿದ್ದೂ ಬದುಕಿದ್ದೀಯಲ್ಲ, ಅಷ್ಟೇ ಸಾಕು ಬುಡ್ಲಾ. ನಿಂಗೆ ಕಾಗ್ದ ಗೀಗ್ದ ಏನ್ ಬಂದ್ರೂ ತತ್ತಾ, ನಾನ್ ಓದ್ತೀನಿ" ಅಂದ. ಆಗಲಿ ಎಂದು ತಲೆಯಾಡಿಸಿದೆ. ಹುಣಸೂರಿನ ಅರ್ಧ ಬಜಾರಿಗೆ ಹೆಸರು ಬರೆದವನು, ಮಗಳ ಕಾಗದ ಹಿಡಿದುಕೊಂಡು ಓದಿಕೊಡಪ್ಪಾ ಎಂದು ಅವನ ಅಂಗಡಿಯ ಮೆಟ್ಟಿಲು ಹತ್ತಬೇಕೇ? ಹೆಬ್ಬೆಟ್ಟಿನವರ ಹಾಗೆ? ಸತ್ತರೂ ಆಗದು. ನಿಮ್ಮ ಅಮ್ಮಿಗಂತೂ ಖುರಾನಿನ ಅಕ್ಷರ ಬಿಟ್ಟರೆ ಬೇರೆ ಗೊತ್ತಿಲ್ಲ.

ಹೋಗುವಾಗ ಬಸ್ಸಿನ ಕಿಟಕಿಯಿಂದ ನೀನು ಹೇಳಿದ ಮಾತು ಕುಟುಕುತ್ತಿದೆ. ದಸರಾ ರಜೆಯ ಹೊತ್ತಿಗೆ ಓದು ಬರದಿದ್ದರೆ ಕೆಲಸ ಬಿಟ್ಟು ಬಂದುಬಿಡುತ್ತೇನೆ ಅಂದೆ. ಆ ಮಾತು ಇನ್ನೊಮ್ಮೆ ಆಡಬೇಡ. ನಮ್ಮ ವಂಶದಲ್ಲಿ ಶಾಲೆಯ ಒಳಗೆ ನಿಂತು ಪಾಠ ಹೇಳುವವಳು ನೀನೊಬ್ಬಳೇ. ನಾನು ಶಾಲೆಗಳ ಹೊರಗೋಡೆಯಷ್ಟೇ ಕಂಡವನು.

ನಿನ್ನ ಅಬ್ಬಾ,
ಖದೀರ್


ಗಿರಿಜನ ಆಶ್ರಮ ಶಾಲೆ, ಅಂತರಸಂತೆ
24 ಜೂನ್ 2024

ಅಬ್ಬಾ,

ಅಸ್ಸಲಾಮು ಅಲೈಕುಮ್. ನಿಮ್ಮ ಪತ್ರವನ್ನು ನಮ್ಮ ಅಡುಗೆಯ ರಾಮಮ್ಮ ಸಂತೆಯ ಚೀಲದೊಳಗೆ ಬದನೆಕಾಯಿ ಜೊತೆ ಇಟ್ಟುಕೊಂಡು ತಂದರು. "ಮೇಡಮ್ಮೋರೇ, ನಿಮ್ಮಪ್ಪಾರು ಕಾಗ್ದ ಬರೆದವ್ರೆ ಕಣ್ರೀ. ಅದೇನ್ ಅಕ್ಷರವೋ, ಮುತ್ತು ಪೋಣಿಸಿದಂಗದೆ" ಅಂದರು. ಓದು ಬಾರದ ರಾಮಮ್ಮನಿಗೂ ನಿಮ್ಮ ಅಕ್ಷರ ಚೆಂದ ಎಂದು ಗೊತ್ತಾಯಿತು. ನಾನು ಮೂಲೆಗೆ ಹೋಗಿ ಓದಿದೆ.

ಇಲ್ಲಿಯ ಫೋನಿನ ಪಾಡು ನಿಮಗೆ ಗೊತ್ತೇ ಇದೆ. ಸಂತೆಯ ದಿನ ಅಂತರಸಂತೆಯ ಒಳಗೆ ಹೋದರಷ್ಟೇ ಸಿಗ್ನಲ್. ಸಿಕ್ಕಿದರೂ ಅಮ್ಮಿ ಸ್ಪೀಕರ್ ಹಾಕಿ ಪಕ್ಕದ ಮನೆಯವರಿಗೂ ಕೇಳಿಸುತ್ತಾರೆ. ಅದಕ್ಕೇ ನಾನೂ ಪತ್ರವನ್ನೇ ಬರೆಯುತ್ತೇನೆ. ಮೇಡಂ ಹೇಳಿದಂತೆ ದಪ್ಪ ಪೆನ್ಸಿಲಿನಲ್ಲಿ, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಬೆರಳಾಡಿಸಿ ನೋಡಿ. ಆಗದಿದ್ದರೆ ಹಠ ಬಿಟ್ಟು ಶಶಿ ಅಂಕಲ್ ಕೈಲಿ ಓದಿಸಿ, ಅಬ್ಬಾ. ಅವರೇನು ಹೊರಗಿನವರಾ?

ಮಾತ್ರೆ ತಪ್ಪಿಸಬೇಡಿ. ಬೀಡಿ ಮುಟ್ಟಿದ್ದು ಗೊತ್ತಾದರೆ ನೋಡಿ ಮತ್ತೆ. ನಮ್ಮ ಶಾಲೆಯ ಗೋಡೆಗೆ ಹಾಡಿಯ ಮಕ್ಕಳಿಗಾಗಿ ಅಕ್ಷರಮಾಲೆ ಬರೆಸಬೇಕೆಂದಿದ್ದೇವೆ. ಯಾವ ಬಣ್ಣದ ಮೇಲೆ ಯಾವ ಬಣ್ಣ ಬಂದರೆ ಮಕ್ಕಳ ಕಣ್ಣಿಗೆ ಹಿತ? ಮರೆಯದೆ ಬರೆಯಿರಿ, ನಿಮ್ಮನ್ನು ಬಿಟ್ಟರೆ ಯಾರನ್ನು ಕೇಳಲಿ.

ನಿಮ್ಮ,
ರುಬೀನಾ


ಹುಣಸೂರು
8 ಜುಲೈ 2024

ಬೇಟಾ ರುಬೀನಾ,

ಸಲಾಂ. ಖುಷಿಯ ಸಮಾಚಾರ. ನಿನ್ನ ಪತ್ರವನ್ನು ಯಾರ ಕೈಲೂ ಓದಿಸಲಿಲ್ಲ. ಬೆರಳಾಡಿಸುತ್ತ ಆಡಿಸುತ್ತ ಅಕ್ಷರಗಳು ಒಂದೊಂದಾಗಿ ಹತ್ತಿರ ಬಂದವು. ನೀನು ಬರೆದದ್ದೆಲ್ಲ ಓದಿದೆ. ಮಾತ್ರೆ ಸರಿಯಾಗಿ ನುಂಗುತ್ತಿದ್ದೇನೆ, ವಾಕಿಂಗ್ ಮಾಡುತ್ತಿದ್ದೇನೆ, ನೀನು ಹೇಳಿದಂತೆಯೇ ಎಲ್ಲ ನಡೆಯುತ್ತಿದೆ. ಇನ್ನು ಕೆಲಸ ಬಿಡುವ ಮಾತನ್ನು ನೀನು ಬಿಡು.

ನಿಮ್ಮ ಅಮ್ಮಿಗೂ ಹೇಳಿದೆ. ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನನ್ನ ಹಣೆ ಮುಟ್ಟಿ, "ಅಲ್ಲಾ ಕಣ್ಣು ಬಿಟ್ಟ" ಎಂದಳು. ಹಣೆಯೆಲ್ಲ ಹಿಟ್ಟು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು.

ಇಲ್ಲಿ ಮಳೆ ಜೋರು. ಮೊಹರಂ ರಜೆಗೆ ಬಂದರೆ ಅವಳು ಬೆಲ್ಲದ ಸಿಹಿ ಚೋಂಗೆ ಮಾಡುತ್ತಾಳಂತೆ. ಬಾ.

ನಿನ್ನ ಅಬ್ಬಾ,
ಖದೀರ್


ಅಂತರಸಂತೆ
22 ಜುಲೈ 2024

ಅಬ್ಬಾ,

ಅಸ್ಸಲಾಮು ಅಲೈಕುಮ್. ರಜೆಗೆ ಬಂದಾಗ ನೀವು ಬಾಗಿಲಲ್ಲಿ ಪೇಪರ್ ಹಿಡಿದು ಕೂತಿದ್ದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ಗೋಡೆಯ ಬಣ್ಣ ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ ಎಂದು ಜಗಳ ಆಡಬೇಕೆಂದಿದ್ದೆ, ನಿಮ್ಮನ್ನು ಹಾಗೆ ಕಂಡ ಮೇಲೆ ಮರೆತೇಹೋಯಿತು.

ಅಬ್ಬಾ, ಈಗ ಬರೆಯುವುದನ್ನು ಒಬ್ಬರೇ ಕೂತು ಓದಿ. ಇನ್ನೊಬ್ಬರ ಬಾಯಿಂದ ನೀವು ಕೇಳಬೇಕಾಗಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ. ನೀವೇ ಓದುತ್ತೀರಿ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಅಮ್ಮಿಯ ಎದೆಯಲ್ಲಿ ಗಂಟಿದೆ. ಬೆನ್ನು ಉಜ್ಜಿಕೊಡು ಎಂದು ಕರೆದಾಗ ನನ್ನ ಕೈಗೆ ತಗುಲಿತು. ಗೋಲಿಯಷ್ಟಿದೆ, ಗಟ್ಟಿ. ಎಷ್ಟು ದಿನದಿಂದ ಎಂದರೆ, ನೀವು ಗೋಡೆಯಿಂದ ಬೀಳುವ ಮೊದಲೇ ಇತ್ತಂತೆ! "ನೋವಿಲ್ಲ, ಬಿಡು. ಮೊದಲು ನಿನ್ನ ಅಬ್ಬಾ ನೆಟ್ಟಗಾಗಲಿ. ತಲೆಗೆ ಪೆಟ್ಟು ಬಿದ್ದವರಿಗೆ ಇಂಥದ್ದು ಹೇಳಿ ಇನ್ನೇನಾದರೂ ಆದರೆ?" ಅಂದರು. ನಾನು ಎಷ್ಟು ಬೇಡಿಕೊಂಡರೂ ಆಸ್ಪತ್ರೆಗೆ ಒಪ್ಪಲಿಲ್ಲ. ತಮ್ಮ ತಲೆಯ ಮೇಲೆ ನನ್ನ ಕೈ ಇಡಿಸಿ, ಅಬ್ಬಾನ ಮುಂದೆ ಈ ಮಾತು ಬಾಯಿ ಬಿಡುವುದಿಲ್ಲ ಎಂದು ಕಸಮ್ ತೆಗೆದುಕೊಂಡರು. ಅದಕ್ಕೇ ನಿಮ್ಮ ಎದುರೇ ಕೂತಿದ್ದರೂ ಹೇಳಲಿಲ್ಲ. ಬಾಯಿ ಬಿಡುವುದಿಲ್ಲ ಎಂದಿದ್ದೇನೆ, ಬರೆಯುವುದಿಲ್ಲ ಎಂದಿಲ್ಲ. ಬಾಯಿಂದ ಆಣೆ ಮುರಿದರೆ ಅಮ್ಮಿಗೇ ಏನಾದರೂ ಆದೀತೆಂಬ ಭಯ ನನಗೆ. ನಗಬೇಡಿ.

ನನ್ನ ಮಾತು ಅವರು ಕೇಳುವುದಿಲ್ಲ. ನೀವು ಒಂದು ಸಲ ಗದರಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಈ ವಾರವೇ ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿ. ನಾನು ಹೇಳಿದೆ ಎಂದು ಮಾತ್ರ ಹೇಳಬೇಡಿ. ಕರೆದುಕೊಂಡು ಹೋದಮೇಲೆ ನನಗೊಂದು ಸಾಲು ಬರೆಯಿರಿ. ಆ ಸಾಲು ಬರುವವರೆಗೆ ಅನ್ನ ಸೇರುವುದಿಲ್ಲ ಅಬ್ಬಾ.

ನಿಮ್ಮ,
ರುಬೀನಾ


ಹುಣಸೂರು
5 ಆಗಸ್ಟ್ 2024

ಬೇಟಾ ರುಬೀನಾ,

ಸಲಾಂ. ನಿನ್ನ ಪತ್ರ ಬಂತು. ಪೋಸ್ಟ್‌ಮ್ಯಾನ್ ಕೈಯಿಂದ ನಿಮ್ಮ ಅಮ್ಮಿಯೇ ಇಸಿದುಕೊಂಡು ಬಂದು ಕೊಟ್ಟಳು. ನಾನು ಬೆರಳಾಡಿಸುವವರೆಗೂ ಎದುರಿಗೇ ಕೂತಿದ್ದು, "ಏನು ಬರೆದಿದ್ದಾಳೆ?" ಎಂದು ಕೇಳಿದಳು. "ಚೆನ್ನಾಗಿದ್ದಾಳಂತೆ, ನಿನಗೆ ಸಲಾಂ ಹೇಳಿದ್ದಾಳೆ" ಎಂದೆ. ಖುಷಿಯಿಂದ ಎದ್ದು ಹೋದಳು.

ನೀನು ಬರೆದದ್ದೆಲ್ಲ ಓದಿದೆ. ನೀನು ಬರೆದಂತೆಯೇ ಮಾಡಿದ್ದೇನೆ, ಒಂದನ್ನೂ ಬಿಟ್ಟಿಲ್ಲ. ಟೀಚರಮ್ಮನ ಅಪ್ಪ ಮಾತು ಕೇಳದೆ ಇರಲಾದೀತೇ? ಸುಮ್ಮಸುಮ್ಮನೆ ಚಿಂತೆ ಮಾಡಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಶಶಿ ಆಗಾಗ ಬಂದು "ಕಾಗ್ದ ಬತ್ತೇನ್ಲಾ ಮಗೀದು? ತಗಂಬಾ, ಓದಾನ" ಎನ್ನುತ್ತಾನೆ. "ನಾನೇ ಓದ್ಕತೀನಿ ಕಣೋ" ಎಂದರೆ ಬೆಪ್ಪಾಗಿ ನನ್ನ ಮುಖ ನೋಡುತ್ತಾನೆ.

ನಿನ್ನ ಅಬ್ಬಾ,
ಖದೀರ್


ಅಂತರಸಂತೆ
25 ಆಗಸ್ಟ್ 2024

ಅಬ್ಬಾ,

ಅಸ್ಸಲಾಮು ಅಲೈಕುಮ್. "ನೀನು ಬರೆದಂತೆಯೇ ಮಾಡಿದ್ದೇನೆ" ಎಂಬ ನಿಮ್ಮ ಸಾಲನ್ನು ಓದಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತೆ. ರಾಮಮ್ಮ ಗಾಬರಿಯಾಗಿ "ಅಯ್ ನನ್ ಕಂದ, ಏನಾಯ್ತವ್ವ?" ಎಂದು ಸೌಟು ಹಿಡಿದುಕೊಂಡೇ ಓಡಿಬಂದರು. ಒಳ್ಳೇದೇ ಆಯ್ತು ರಾಮಮ್ಮ ಎಂದೆ.

ಫೋನಿನಲ್ಲಿ ಕೇಳಿದರೆ ಅಮ್ಮಿ "ನನಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದೇನೆ" ಎನ್ನುತ್ತಾರೆ. ನೀವು ನನ್ನ ಹೆಸರು ಹೇಳದೆ ಕರೆದುಕೊಂಡು ಹೋಗಿರುತ್ತೀರಿ, ಅವರಿಗೆ ನನ್ನ ಮೇಲೆ ಅನುಮಾನವೂ ಇಲ್ಲ. ನೀವು ಜಾಣರು ಅಬ್ಬಾ. ಡಾಕ್ಟರು ಏನು ಹೇಳಿದರು? ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರೇ? ಅದೊಂದನ್ನು ಬಿಡಿಸಿ ಬರೆಯಿರಿ.

ಹಾಸ್ಟೆಲಿನ ಹೊಣೆಯೂ ನನ್ನ ತಲೆಗೇ ಬಂದಿದೆ. ಮಕ್ಕಳನ್ನು ಬಿಟ್ಟು ದಸರಾ ರಜೆಯವರೆಗೆ ಬರುವ ಹಾಗಿಲ್ಲ. ಅಲ್ಲಿ ನೀವಿದ್ದೀರಿ ಎಂಬ ನಿಶ್ಚಿಂತೆಯಲ್ಲಿದ್ದೇನೆ.

ನಿಮ್ಮ,
ರುಬೀನಾ


ಹುಣಸೂರು
20 ಸೆಪ್ಟೆಂಬರ್ 2024

ಬೇಟಾ ರುಬೀನಾ,

ಸಲಾಂ. ಪತ್ರ ತಡವಾಯಿತು, ಬೇಜಾರಾಗಬೇಡ. ಮನೆಯ ಕೆಲಸವೆಲ್ಲ ಈಗ ನನ್ನ ಮೇಲೇ ಬಿದ್ದಿದೆ. ನಿಮ್ಮ ಅಮ್ಮಿಗೆ ಸೋಮಾರಿತನ ಬಂದುಬಿಟ್ಟಿದೆ. ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿಟ್ಟಿದ್ದಾಳೆ. ಕೇಳಿದರೆ ತೋಳು ಎತ್ತಲು ಆಗುವುದಿಲ್ಲ, ಊದಿಕೊಂಡಿದೆ ಎನ್ನುತ್ತಾಳೆ. ಗ್ರಾಹಕರ ಬ್ಲೌಸುಗಳು ಹಾಗೇ ಬಿದ್ದಿವೆ. "ಬಿದ್ದವನು ನಾನು, ಮಲಗಿರುವವಳು ನೀನು" ಎಂದು ಮೊನ್ನೆ ರೇಗಿಬಿಟ್ಟೆ. ಎದ್ದು ನನಗೆ ರೊಟ್ಟಿ ತಟ್ಟಿಕೊಟ್ಟಳು, ಒಂದೇ ಕೈಯಲ್ಲಿ.

ನೀನು ಬಂದು ಸ್ವಲ್ಪ ಬುದ್ಧಿ ಹೇಳು.

ನಿನ್ನ ಪತ್ರವೂ ಬಂತು. ನೀನು ಬರೆದದ್ದೆಲ್ಲ ಓದಿದೆ.

ನಿನ್ನ ಅಬ್ಬಾ,
ಖದೀರ್


ಅಂತರಸಂತೆ
9 ಫೆಬ್ರವರಿ 2025

ಅಬ್ಬಾ,

ಅಮ್ಮಿಯ ನಲವತ್ತನೆಯ ದಿನದ ಫಾತಿಹಾ ಮುಗಿಸಿ ನಾನು ಬಸ್ಸು ಹತ್ತುವಾಗ, "ಬರೀತಾ ಇರು ಬೇಟಾ" ಎಂದಿರಿ. ಬರೆಯುತ್ತಿದ್ದೇನೆ. ನೀವಿದನ್ನು ಓದಲಾರಿರಿ. ಯಾರ ಕೈಗೂ ಕೊಡುವವರಲ್ಲ, ನಿಮ್ಮ ಹಠ ನನಗೆ ಗೊತ್ತು. ಅಮ್ಮಿಯೂ ಇಲ್ಲ, ಎದುರು ಕೂತು ಏನು ಬರೆದಿದ್ದಾಳೆ ಎಂದು ಕೇಳಲು. ಇಷ್ಟು ದಿನ ಹೇಳಲಾಗದ್ದನ್ನು ಬರೆಯಲು ನನಗೆ ಧೈರ್ಯ ಬಂದಿರುವುದೇ ಅದರಿಂದ.

ನಿಮ್ಮ ಸೆಪ್ಟೆಂಬರ್ ಪತ್ರ ಓದಿದ ದಿನ ರಾಮಮ್ಮನ ಮೇಲೆ ಮಕ್ಕಳನ್ನು ಬಿಟ್ಟು ಓಡಿಬಂದೆ. ಅಮ್ಮಿ ಚಾಪೆಯ ಮೇಲಿದ್ದರು. ತೋಳು ಬಾಳೆದಿಂಡಿನಷ್ಟು ಊದಿತ್ತು. ನೀವು ಬಾಗಿಲಲ್ಲಿ ಪೇಪರ್ ಹಿಡಿದು ಕೂತಿದ್ದಿರಿ. ನಿಮ್ಮ ಕೈಯಲ್ಲಿದ್ದದ್ದು ಯಾವತ್ತಿನದೋ ಹಳೇ ಪೇಪರ್. ಆಗ ಗೊತ್ತಾಯಿತು ನನಗೆ. ಒಳಗೆ ಹೋಗಿ ಟ್ರಂಕಿನಿಂದ ನನ್ನ ಜುಲೈ ಪತ್ರ ತೆಗೆದೆ. ನಿಮ್ಮ ಬೆರಳು ಆಡೀ ಆಡೀ ಪೆನ್ಸಿಲಿನ ಅಕ್ಷರವೆಲ್ಲ ಅಳಿಸಿಹೋಗಿತ್ತು. ಯಾರಾದರೂ ಓದಬೇಕೆಂದಿದ್ದರೂ ಕಷ್ಟಪಟ್ಟೇ ಓದಬೇಕಿತ್ತು. ಅಷ್ಟು ಹೆಣಗಾಡಿದ್ದೀರಿ. ಹೆಣಗಾಡುತ್ತಿದ್ದೇನೆ ಎಂದಾದರೂ ಒಂದು ಸಾಲು ಬರೆಯಬಾರದಿತ್ತೇ?

ಮೈಸೂರಿನ ಡಾಕ್ಟರು, ಮಳೆಗಾಲದಲ್ಲೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು. ಮಾಡಬಹುದಿತ್ತು ಎಂದೂ ಹೇಳಲಿಲ್ಲ, ಆಗುತ್ತಿರಲಿಲ್ಲ ಎಂದೂ ಹೇಳಲಿಲ್ಲ. ಆ "ಏನೋ" ಒಂದನ್ನು ಇಟ್ಟುಕೊಂಡು ನಾನು ಬದುಕಬೇಕು.

ಅಮ್ಮಿಯ ಮಯ್ಯತ್ತನ್ನು ಮಣ್ಣಿಗಿಟ್ಟ ದಿನ ಎಲ್ಲರ ಮುಂದೆ ನೀವು ನನ್ನ ಕೈ ಹಿಡಿದು ಅತ್ತಾಗ, "ನಿಮ್ಮ ತಪ್ಪಲ್ಲ ಅಬ್ಬಾ, ಅಲ್ಲಾನ ಮರ್ಜಿ" ಎಂದೆ. ಅದು ಸುಳ್ಳು. ನಾನು ಕೆಲಸ ಬಿಡಬಾರದೆಂದು ನೀವು ಸುಳ್ಳು ಹೇಳಿದಿರಿ, ನೀವು ಕುಸಿದುಬೀಳಬಾರದೆಂದು ನಾನು ಹೇಳಿದೆ. ನಾನು ನಿಮ್ಮನ್ನು ಕ್ಷಮಿಸಿಲ್ಲ. ಪ್ರಯತ್ನ ಮಾಡಿದೆ, ಆಗುತ್ತಿಲ್ಲ. ತಮ್ಮ ಸಾವಿನ ಕಾಗದವನ್ನು ಅಮ್ಮಿ ತಾವೇ ತಂದು ನಿಮ್ಮ ಕೈಗೆ ಕೊಟ್ಟರು. ಏನು ಬರೆದಿದ್ದಾಳೆ ಎಂದು ಕೇಳಿದರು. ನೀವು ಸಲಾಂ ಎಂದಿರಿ. ನಮಾಜಿಗೆ ನಿಂತರೂ ಅದೇ ಕಣ್ಣ ಮುಂದೆ ಬರುತ್ತದೆ.

ನನ್ನ ಮೇಲೂ ಕೋಪವಿದೆ. ಆಣೆಯೂ ಬೇಡ, ಗೀಣೆಯೂ ಬೇಡ ಎಂದು ಅವತ್ತೇ ನಿಮ್ಮ ಕಿವಿಯಲ್ಲಿ ಕೂಗಿಬಿಡಬೇಕಿತ್ತು. ಆದರೆ ಅಬ್ಬಾ, ನಿಮ್ಮ ಮೇಲಿನ ಕೋಪವೇ ಹೆಚ್ಚು. ಅದನ್ನು ನಿಮ್ಮ ಮುಖ ನೋಡಿ ಎಂದೂ ಹೇಳಲಾರೆ. ಹೇಳದೆ ಇದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ಈ ಕಾಗದವನ್ನು ನೀವು ಬೆರಳಿನಲ್ಲಿ ಸವರಿ ಟ್ರಂಕಿಗೆ ಹಾಕುತ್ತೀರಿ. ನಿಮ್ಮ ಬಳಿ ಇದ್ದರೆ ಸಾಕು, ನಿಮಗೆ ಗೊತ್ತಾಗದಿರಲಿ.

ಫೋನಿನಲ್ಲಿ ಮೊದಲಿನ ಹಾಗೇ ಮಾತಾಡುತ್ತೇನೆ.

ರುಬೀನಾ


ಹುಣಸೂರು
1 ಮಾರ್ಚ್ 2025

ಬೇಟಾ ರುಬೀನಾ,

ಸಲಾಂ. ನಿನ್ನ ಪತ್ರ ಬಂತು.

ಈ ಸಲ ಶಶಿಯ ಅಂಗಡಿಯ ಮೆಟ್ಟಿಲು ಹತ್ತಿದೆ. ಮೊದಲೇ ಹತ್ತಬೇಕಾಗಿದ್ದ ಮೆಟ್ಟಿಲು. ಮೆಷಿನ್ನು ನಿಲ್ಲಿಸಿ, ಬಾಗಿಲೆಳೆದು, ಒಂದು ಅಕ್ಷರವನ್ನೂ ನುಂಗದೆ ಓದಬೇಕು ಎಂದೆ. ಶುರು ಮಾಡಿದ. ಸ್ವಲ್ಪ ಹೊತ್ತಿಗೆ ಕಾಗದ ಮಡಿಚಿ, "ಬ್ಯಾಡ ಕಣ್ಲಾ ಖದೀರಾ, ಮುಂದ್ಕೆ ಓದಕಾಯ್ತಿಲ್ಲ ನಂಗೆ. ಮಗೀಗೆ ಸಂಕಟ, ಅದ್ಕೇ ಏನೇನೋ ಬರ‍್ದದೆ. ಬುಟ್ಬುಡು" ಅಂದ. "ನೀನು ಓದದಿದ್ರೆ ಬಜಾರಿನಲ್ಲಿ ಇನ್ಯಾರ ಕೈಲಾದ್ರೂ ಓದಿಸ್ತೀನಿ. ಓದು" ಅಂದೆ. ಓದಿದ. ನಿನ್ನ ಹೆಸರಿನವರೆಗೂ ಓದಿದ.

ಆಮೇಲೆ ಹಳೆಯ ಪತ್ರಗಳನ್ನೂ ಕೊಟ್ಟೆ. ಜೂನಿನದರಲ್ಲಿ, ಹಠ ಬಿಟ್ಟು ಶಶಿ ಅಂಕಲ್ ಕೈಲಿ ಓದಿಸಿ, ಅವರೇನು ಹೊರಗಿನವರಾ ಎಂದು ಬರೆದಿದ್ದೀಯಂತೆ. ಅಲ್ಲಿಗೆ ಬಂದಾಗ ಅವನಿಗೆ ತಡೆಯಲಾಗಲಿಲ್ಲ. ದೊಡ್ಡ ಗಂಡಸು, ಮೇಜಿನ ಮೇಲೆ ತಲೆಯಿಟ್ಟು ಅತ್ತ. ನನಗೆ ಅಳು ಬರಲಿಲ್ಲ.

ಜುಲೈ ಪತ್ರವನ್ನು ಬೆಳಕಿಗೆ ಹಿಡಿದು, ಒತ್ತಿದ ಗುರುತು ನೋಡಿಕೊಂಡು ಓದಿದ. ಅವತ್ತು ನಿಮ್ಮ ಅಮ್ಮಿ ಎದುರಿಗೆ ಕೂತಿದ್ದಾಗ ಅದರಲ್ಲಿ ನನ್ನ ಬೆರಳಿಗೆ ಸಿಕ್ಕಿದ್ದು ಒಂದೇ ಪದ ಬೇಟಾ. ಅಮ್ಮಿ ಅಂತ. ತಿದ್ದಿ ತಿದ್ದಿ ನೋಡಿದೆ, ಹೌದು, ಅಮ್ಮಿ ಅಂತಲೇ ಇತ್ತು. ಎಷ್ಟು ಖುಷಿಯಾಯಿತು ಗೊತ್ತಾ? ಓದು ಬಂದೇಬಿಟ್ಟಿತು ಅಂದುಕೊಂಡೆ. ಅಮ್ಮಿಗೆ ಸಲಾಂ ಹೇಳಿರುತ್ತಾಳೆ, ಇನ್ನೇನಿರುತ್ತದೆ ಅಂದುಕೊಂಡೆ. ಅದನ್ನೇ ಅವಳಿಗೆ ಹೇಳಿದೆ.

ಶಾಲೆಯ ಗೋಡೆಯ ಬಣ್ಣ ಕೇಳಿದ್ದೀಯಂತೆ. ತಿಳಿಹಳದಿಯ ಮೇಲೆ ಕಡುನೀಲಿ ಬರೆಸು, ಮಕ್ಕಳಿಗೆ ದೂರದಿಂದಲೂ ಕಾಣುತ್ತದೆ. ಕೆಂಪು ಬೇಡ.

ಕ್ಷಮಿಸಬೇಡ. ಕ್ಷಮಿಸಿದೆ ಎಂದು ಕಾಗದದಲ್ಲಿ ಬರೆಯಲೂಬೇಡ, ಬರೆದರೆ ಶಶಿ ಓದಿಬಿಡುತ್ತಾನೆ, ನಾನು ನಂಬಿಬಿಡುತ್ತೇನೆ. ಫೋನಿನಲ್ಲಿ ಮೊದಲಿನ ಹಾಗೆ ಮಾತಾಡುವ ಕಷ್ಟವನ್ನೂ ತೆಗೆದುಕೊಳ್ಳಬೇಡ. ಮನಸ್ಸು ಬಂದಾಗ ಬೈದಾದರೂ ಬರಿ. ಮೆಟ್ಟಿಲು ಹತ್ತುತ್ತೇನೆ.

ಈಗ ಬರೆದಿರುವ ಈ ಕಾಗದದಲ್ಲಿ ಏನಿದೆ ಎಂದು ನೋಡಲು ನನಗೆ ಆಗುವುದಿಲ್ಲ. ಶಶಿಗೂ ತೋರಿಸುವುದಿಲ್ಲ. ಕೈ ಏನು ಬರೆದಿದೆಯೋ ಅದೇ ನಿಜ ಎಂದು ತಿಳಿದುಕೋ.

ನೀನು ಬರೆದದ್ದೆಲ್ಲ ಓದಿಸಿಕೊಂಡೆ.

ಖದೀರ್